ಕೌದಿಯ ಹೊಟ್ಟೆ

ಸಂತೇಬೆನ್ನೂರಿನಲ್ಲಿ ಅವತ್ತು ಸಂತೆ ಎಂಬುದು ಕೊಟ್ರಮ್ಮನಿಗೆ ಮರೆತೇ ಹೋಗಿತ್ತು. ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಜನ ಬಾಗಿಲಿಗೆ ಜೋತುಬಿದ್ದರು. ಮೆಂತ್ಯದ ಸೊಪ್ಪಿನ ಕಟ್ಟು, ಈರುಳ್ಳಿ ಚೀಲ, ಕಾಲು ಕಟ್ಟಿದ ಕೋಳಿ, ಕಂಕುಳದ ಕೂಸು ಎಲ್ಲವೂ ಒಂದೇ ಸಲ ಒಳಗೆ ನುಗ್ಗಿದವು. ಕಂಡಕ್ಟರ್ ಆದವಳ ಕಣ್ಣು ಹೋಗಬೇಕಾದದ್ದು ಜನರ ಮೇಲೆ. ಹೋದದ್ದು ಡ್ರೈವರ್ ಸೀಟಿನ ಹಿಂದೆ ಸಿಕ್ಕಿಸಿಟ್ಟಿದ್ದ ನೀಲಿ ಚೀಲದ ಮೇಲೆ. ಯಾರದೋ ಕೆಸರು ಚಪ್ಪಲಿ ಅದರ ಮೇಲೆ ಊರಿತ್ತು. “ಕಾಲು ತೆಗೀರಿ ಅಲ್ಲಿಂದ, ಕಾಲು ತೆಗೀರಿ” ಎಂದು ಅವಳು ಕೂಗಿದ್ದಕ್ಕೆ ಚಪ್ಪಲಿಯವನು ಬೆಚ್ಚಿಬಿದ್ದು, “ಏನೈತ್ರಿ ಮೇಡಂ ಅದ್ರಾಗೆ, ಬಂಗಾರ ಐತೇನು?” ಎಂದ. ಡ್ರೈವರ್ ಮಾಲತೇಶ್ ಹಿಂತಿರುಗದೆಯೇ, “ಬಂಗಾರ ಅಲ್ಲಪ್ಪ, ಕೌದಿ. ನಮ್ಮಕ್ಕ ಒಂದು ಕೈಯಾಗೆ ಟಿಕೆಟ್ ಹರೀತಾಳೆ, ಇನ್ನೊಂದು ಕೈಯಾಗೆ ಕೌದಿ ಹೊಲೀತಾಳೆ” ಎಂದ. ಬಸ್ಸು ನಕ್ಕಿತು. ಅವಳೂ ನಕ್ಕಳು. ನಗದಿದ್ದರೆ ಮೇಡಂಗೆ ಭಾರಿ ಸಿಟ್ಟು ಅನ್ನುತ್ತಾರೆ, ನಕ್ಕರೆ ಸದರ ಸಿಕ್ಕಿತು ಅನ್ನುತ್ತಾರೆ. ಇಷ್ಟು ವರ್ಷ ಈ ಬಾಗಿಲಲ್ಲಿ ನಿಂತು ಎರಡರ ನಡುವಿನ ಒಂದು ನಗೆಯನ್ನು ಅವಳು ಕಲಿತಿದ್ದಳು. ಸಂಜೆಗೆ ಅದರಿಂದ ದವಡೆ ನೋಯುತ್ತಿತ್ತು.

ನಾಳೆ ಬೆಳಿಗ್ಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಮಗಳು ಕಾವ್ಯಶ್ರೀಗೆ ಆಪರೇಷನ್. ಕೂಸು ಅಡ್ಡ ಮಲಗಿದೆಯಂತೆ. ನಾಳೆಗೆ ರಜೆ ಸಿಕ್ಕಿದೆ, ಇವತ್ತಿಗೆ ಸಿಕ್ಕಿಲ್ಲ. ಚನ್ನಗಿರಿಯಿಂದ ಜಗಳೂರಿಗೆ ಹೋಗುವ ಈ ಬಸ್ಸು ಅದೇ ಆಸ್ಪತ್ರೆಯ ರಸ್ತೆಯ ಬಾಯಿಯಲ್ಲೇ ಹಾದುಹೋಗುತ್ತದೆ. ಮಗಳು ಮೂರನೇ ಮಹಡಿಯಲ್ಲಿ ಮಲಗಿರುತ್ತಾಳೆ, ತಾಯಿ ಕೆಳಗೆ “ಮುಂದಕ್ಕೆ ಹೋಗ್ರಿ, ಒಳಗೆ ಜಾಗ ಐತೆ” ಎಂದು ಕೂಗುತ್ತ ದಾಟಿಹೋಗುತ್ತಾಳೆ. ಚೀಲದಲ್ಲಿರುವುದು ಆ ಕೂಸಿಗೆ ಹಾಸುವ ಕೌದಿ, ನಾಳೆಯೊಳಗೆ ಮುಗಿಯಬೇಕು. ಅವ್ವ ಗಿಡ್ಡಮ್ಮ ಶುರುಮಾಡಿ ಬಿಟ್ಟುಹೋದದ್ದು. ಅಂಚಿನಿಂದ ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಿದ್ದ ಅವ್ವನ ಹೊಲಿಗೆ ಅರ್ಧದಲ್ಲಿ ನಿಂತಿತ್ತು, ಸೂಜಿ ಹಾಗೇ ಬಟ್ಟೆಗೆ ಚುಚ್ಚಿತ್ತು. ಆ ಸೂಜಿಯನ್ನು ಕೊಟ್ರಮ್ಮ ತೆಗೆಯಲಿಲ್ಲ. ಬೇರೆ ಸೂಜಿ ಹಿಡಿದು ನಡುವಿನಿಂದ ಶುರುಮಾಡಿದಳು. ನಡುವಿನಿಂದ ಯಾಕೆಂದರೆ ಬಸ್ಸಿನಲ್ಲಿ ಅಂಚು ಬಿಡಿಸಿದರೆ ನೆಲದ ಧೂಳು ಬಳಿಯುತ್ತದೆ. ಅಂಚನ್ನೆಲ್ಲ ಒಳಕ್ಕೆ ಮಡಿಚಿ, ತೊಡೆಯ ಮೇಲೆ ಹಿಡಿಸುವಷ್ಟು ಜಾಗ ಮಾತ್ರ ತೆರೆದಿಟ್ಟುಕೊಂಡು, ಜಗಳೂರಿನ ನಿಲ್ದಾಣದಲ್ಲಿ ಮಾಲತೇಶ್ ಚಹಾಕ್ಕೆ ಹೋದಾಗ, ಟೈರು ಪಂಕ್ಚರಾದಾಗ, ರೈಲ್ವೆ ಗೇಟು ಬಿದ್ದಾಗ ನಾಲ್ಕು ನಾಲ್ಕು ಹೊಲಿಗೆ. ಮನೆಯಲ್ಲಿ ಯಾಕಾಗದು ಎಂದರೆ ಮನೆಯಲ್ಲಿ ಅವಳ ಕೈ ಖಾಲಿ ಇದ್ದದ್ದನ್ನು ಯಾರೂ ನೋಡಿ ಸುಮ್ಮನಿರಲಾರರು. ಗಂಡ ಜುಂಜಪ್ಪ ಕೆಟ್ಟವನಲ್ಲ. “ಕುಂತೇ ಇದೀಯಲ್ಲ, ಒಂದು ಲೋಟ ನೀರು ಕೊಡು” ಅನ್ನುತ್ತಾನೆ, ಅಷ್ಟೇ. ಸೂಜಿ ಹಿಡಿದ ಹೆಂಗಸು ಅವನ ಲೆಕ್ಕದಲ್ಲಿ ಕುಂತೇ ಇರುವವಳು.

ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ನಮ್ಮದು ಎಂದು ಮೊನ್ನೆಯ ಮೆರವಣಿಗೆಯಲ್ಲಿ ಅವಳೂ ಗಂಟಲು ಹರಿಯುವಂತೆ ಕೂಗಿದ್ದಳು. ಯೂನಿಯನ್ನಿನ ಓಂಕಾರಪ್ಪನವರು ಮೈಕು ಹಿಡಿದು, ಆ ಕೊನೆಯ ಎಂಟು ಗಂಟೆಗಾಗಿ ದೂರದ ದೇಶಗಳಲ್ಲಿ ಕಾರ್ಮಿಕರು ರಕ್ತ ಚೆಲ್ಲಿದ್ದಾರೆ ಎಂದಾಗ ಅವಳ ಮೈ ಜುಮ್ಮೆಂದಿತ್ತು. ಆ ಮಾತಿನ ಬಿಸಿ ಇನ್ನೂ ಆರಿರಲಿಲ್ಲ, ಸಭೆ ಮುಗಿದೊಡನೆ ಅದೇ ಓಂಕಾರಪ್ಪನವರು, “ಕೊಟ್ರಮ್ಮಾರೆ, ಎಲ್ಲರಿಗೂ ಒಂದಿಷ್ಟು ಮಂಡಕ್ಕಿ ಕಲಸ್ರಲ್ಲ, ನಿಮ್ಮ ಕೈರುಚಿ ಚಂದ” ಎಂದಿದ್ದರು. ಕಲಸಿದಳು. ಮಂಡಕ್ಕಿಗೆ ಒಗ್ಗರಣೆ ಬೆರೆಸುತ್ತ, ಈ ‘ನಮ್ಮದು’ ಎನ್ನುವ ಗಂಟೆಗಳು ಯಾರ ಮನೆಯ ಗಡಿಯಾರದಲ್ಲಿವೆ ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ಉಪ್ಪು ಸಾಲದು ಎಂದು ಯಾರೋ ಅಂದರು.

ದಾವಣಗೆರೆಯಲ್ಲಿ ಬಸ್ಸು ಆಸ್ಪತ್ರೆಯ ರಸ್ತೆ ದಾಟುವಾಗ ಅವಳು ಬಾಗಿಲ ಕಂಬಿ ಹಿಡಿದು ಹೊರಗೆ ಬಗ್ಗಿದಳು. ಕಂಡದ್ದು ಔಷಧಿ ಅಂಗಡಿಯ ಹಸಿರು ಬೋರ್ಡು, ಎಳನೀರಿನ ಗಾಡಿ. ಮೇಲೆ ಒಂದು ಕಿಟಕಿಯಲ್ಲಿ ಟವೆಲು ಒಣಗುತ್ತಿತ್ತು. ಅದು ಕಾವ್ಯಳದೇ ಇರಬಹುದೆಂದು ತೋರಿ, ಬೇರೆ ಯಾರದೋ ಎಂದೂ ಕೂಡಲೇ ತೋರಿತು. ಅಲ್ಲಿ ಮಗಳ ಪಕ್ಕ ಈಗ ಕೂತಿರುವುದು ಬೀಗಿತ್ತಿ ಶಿವಲೀಲಾ. ಹೊನ್ನಾಳಿಯಲ್ಲಿ ಅಡಿಕೆ ಮಂಡಿ ಇರುವ ಮನೆತನ. ಹುಡುಗ ಗುರುಬಸವರಾಜ್ ಹಟ ಹಿಡಿದು ಮದುವೆಯಾದ. “ನಾವು ಹಂಗೆಲ್ಲ ನೋಡಲ್ಲ ಬಿಡ್ರಿ” ಎಂದಿದ್ದರು ಶಿವಲೀಲಾ ಮೊದಲ ದಿನವೇ, ಯಾರೂ ಏನೂ ಕೇಳದಿರುವಾಗ. ನೋಡುವವರು ಮಾತ್ರ ಆಡುವ ಮಾತು ಅದು ಎಂದು ಕೊಟ್ರಮ್ಮನಿಗೆ ಆಗಲೇ ಅನಿಸಿತ್ತು. ಆದರೆ ಕೈಯಲ್ಲಿ ಅವರು ಕೊಟ್ಟ ಬೆಳ್ಳಿಯ ಲೋಟವಿತ್ತು, ಅದರಲ್ಲಿ ಬಾದಾಮಿ ಹಾಲಿತ್ತು, ಕುಡಿದಳು. ಹೋದ ವಾರ ಕೌದಿಯ ಸುದ್ದಿ ಬಂದಾಗ ಅದೇ ಮೆತ್ತನೆಯ ದನಿ: “ತಪ್ಪು ತಿಳ್ಕಾಬ್ಯಾಡ್ರಿ ಬೀಗಿತ್ತಿ. ಹಳೇ ಬಟ್ಟೆ ಅಂದ್ರೆ ಈಗಿನ ಕೂಸುಗಳಿಗೆ ಬ್ಯಾಗ ಇನ್‌ಫೆಕ್ಷನ್ ಆಗ್ತೈತಂತೆ. ನಮ್ಮ ಗುರು ಆನ್‌ಲೈನಾಗೆ ಮೆತ್ತಂದು ಹಾಸಿಗೆ ತರಿಸ್ಯಾನೆ. ನಿಮಗೆ ಡ್ಯೂಟಿ ಬ್ಯಾರೆ, ಯಾಕೆ ತ್ರಾಸು ತಗಂತೀರಿ.”

ಇನ್‌ಫೆಕ್ಷನ್. ಆ ಪದ ಅವಳ ಕಿವಿಯಲ್ಲಿ ಬಿದ್ದದ್ದು ಪದವಾಗಿ ಅಲ್ಲ, ನೀರಿನ ಸದ್ದಾಗಿ. ನ್ಯಾಮತಿಯ ದೊಡ್ಡ ಮನೆಗಳ ಜಗಲಿಯಲ್ಲಿ ಅವ್ವ ಕಾಲು ಚಾಚಿ ಕೂತಿರುತ್ತಿದ್ದಳು, ಸುತ್ತ ಆ ಮನೆಯವರ ಹಳೆಯ ಸೀರೆ, ಹರಿದ ಧೋತರ, ಲಂಗ. ಜಗಲಿಯಿಂದ ಒಳಗಿಲ್ಲ. ಬಾಯಾರಿದರೆ ಬೊಗಸೆಗೆ ಎತ್ತರದಿಂದ ನೀರು. ಇಸ್ಕೂಲು ಬಿಟ್ಟು ಬಂದ ಹುಡುಗಿ ಕೊಟ್ರಮ್ಮ ಕೆಳಗಿನ ಮೆಟ್ಟಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡಬೇಕು. ಅವ್ವ ಹೊಲಿಯುತ್ತಿದ್ದ ತುಂಡುಗಳಲ್ಲಿ ತನ್ನ ಬೆಂಚಿನ ಗೆಳತಿಯ ಹೂವಿನ ಫ್ರಾಕನ್ನು ಗುರುತು ಹಿಡಿದು, ಆ ಗೆಳತಿ ಕಿಟಕಿಯಿಂದ ನೋಡಿ ನಗುತ್ತಿದ್ದಾಳೆಂದು ತಿಳಿದು, ದಾರದ ತುದಿಯನ್ನು ಬಾಯಲ್ಲಿ ಇಟ್ಟುಕೊಂಡು ಸುಮ್ಮನೆ ಚೀಪುತ್ತಿದ್ದಳು. ಕೌದಿ ಮುಗಿದ ದಿನ ಮನೆಯ ಹೆಂಗಸು ತಂಬಿಗೆ ಹಿಡಿದು ಹೊರಬಂದು ಅದರ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದಳು. ನಾಲ್ಕು ಹನಿ. ಅಷ್ಟಕ್ಕೆ ಅವ್ವನ ಬೆರಳೆಲ್ಲ ತೊಳೆದುಹೋಗುತ್ತಿತ್ತು. ಇರುಳೆಲ್ಲ ಅದೇ ಬೆರಳಿನ ಹೊಲಿಗೆಯ ಮೇಲೆ ಅವರು ಹಾಯಾಗಿ ಹೊರಳುತ್ತಿದ್ದರು. ಮನೆಯಲ್ಲಿ ಕೊಟ್ರಮ್ಮ, ಅವಳ ತಮ್ಮ ಗೋಣಿಚೀಲ ಹೊದೆಯುತ್ತಿದ್ದರು. ಊರ ತುಂಬ ಕೌದಿ ಹೊಲಿದವಳ ಮನೆಯಲ್ಲಿ ಕೌದಿ ಇರಲಿಲ್ಲ.

ಇನ್ನೊಂದಿತ್ತು. ಕೌದಿಯನ್ನು ಪೂರಾ ಮುಚ್ಚುವ ಮೊದಲು ಕೊನೆಯ ತೇಪೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಹಸಿದ ಕೌದಿ ಮಲಗಿದವರ ನಿದ್ದೆ ತಿನ್ನುತ್ತದಂತೆ. ಅದಕ್ಕೆಂದು ಮನೆಯವರು ಆಗ ತಾನೇ ಹೆಂಚಿನಿಂದ ಇಳಿಸಿದ ಬಿಸಿ ಜೋಳದ ರೊಟ್ಟಿ ತಂದುಕೊಡುತ್ತಿದ್ದರು. ಹೊಲಿದವಳಿಗೆ ನಿನ್ನೆಯ ತಂಗಳು. ಗಿಡ್ಡಮ್ಮ ಆ ಕಡೆ ಈ ಕಡೆ ನೋಡಿ, ತಂಗಳಿನ ಒಂದು ಚೂರನ್ನು ಕೌದಿಗೆ ತುರುಕಿ, ಬಿಸಿಯದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಗಳಿಗೆ ತರುತ್ತಿದ್ದಳು. “ಕೌದಿಗೆ ಹಲ್ಲೈತೇನೆ, ತಂಗಳ್ಯಾವ್ದು ಬಿಸಿ ಯಾವ್ದು ಅಂತ ಗೊತ್ತಾಗಾಕೆ?” ಎಂದು ನಗುತ್ತಿದ್ದಳು. ಆ ರೊಟ್ಟಿಯ ಬಿಸಿ ನೆನಪಾದಾಗಲೆಲ್ಲ ಕೊಟ್ರಮ್ಮನಿಗೆ ನ್ಯಾಮತಿಯ ಅಷ್ಟೂ ಮನೆಗಳ ಹಾಸಿಗೆಗಳಲ್ಲಿ ತಂಗಳು ಚೂರುಗಳು ಇನ್ನೂ ಕೂತಿವೆಯೆಂದು ನೆನಪಾಗಿ ಒಂದು ಬಗೆಯ ಖುಷಿಯಾಗುತ್ತಿತ್ತು.

ದಾವಣಗೆರೆ ಬಿಟ್ಟ ಮೇಲೆ ಬಸ್ಸು ಸಡಿಲವಾಯಿತು. ಕಂಡಕ್ಟರ್ ಸೀಟಿನ ಎದುರಿಗೆ ಒಬ್ಬಳು ಮುದುಕಿ ಬಂದು ಕೂತಳು. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, ಜಗಳೂರು ಅಂದಳು. ಹೆಸರು ಲಕ್ಷ್ಮಮ್ಮ ಎಂದು ಆಮೇಲೆ ತಿಳಿಯಿತು. ಕೊಟ್ರಮ್ಮ ಅವಳಿಗೆ ಟಿಕೆಟ್ ಕೊಡಬೇಕೆಂದು ಮಷೀನಿಗೆ ಕೈಹಾಕುವಷ್ಟರಲ್ಲಿ ಮುದುಕಿಯ ಕಣ್ಣು ನೀಲಿ ಚೀಲದ ಬಾಯಿಯಿಂದ ಇಣುಕುತ್ತಿದ್ದ ಬಟ್ಟೆಗೆ ಬಿತ್ತು.

“ಕೌದಿ ಏನವ್ವ? ತೆಗಿ ನೋಡಾನ.”

ಬೇಡವೆನ್ನಬಹುದಿತ್ತು. ಆದರೆ ಇಷ್ಟು ದಿನ ಅದನ್ನು ಯಾರೂ ನೋಡಾನ ಅಂದಿರಲಿಲ್ಲ. ಕೊಟ್ರಮ್ಮ ಚೀಲದಿಂದ ಎಳೆದು ಅರ್ಧವನ್ನು ಮುದುಕಿಯ ಮಡಿಲಿಗೆ ಹಾಸಿದಳು. ಲಕ್ಷ್ಮಮ್ಮ ನೋಡಲಿಲ್ಲ, ಕಣ್ಣು ಮುಚ್ಚಿ ಅಂಗೈಯಿಂದ ಸವರಿದಳು, ದನದ ಮೈ ಸವರುವವರ ಹಾಗೆ.

“ಇದು ಒಬ್ಬರ ಕೈ ಅಲ್ಲ” ಎಂದಳು. “ಹೊರಗಿಂದು ಯಾರ್ದು?”

“ನಮ್ಮವ್ವಂದು.”

“ಒಳಗಿಂದು ನಿಂದು. ಅದೇನ್ ಕುಕ್ಕಿದಂಗೆ ಹೊಲಿದೀಯೆ ಮಾರಾಯ್ತಿ, ಯಾರಾರ ಬೆನ್ನು ಹತ್ತಿದ್ರಾ?”

“ಹೂಂ ಮತ್ತೆ” ಎಂದಳು ಕೊಟ್ರಮ್ಮ, ನಗು ಬಂತು. ಈ ನಗುವಿನಿಂದ ದವಡೆ ನೋಯಲಿಲ್ಲ.

ಮುದುಕಿ ತುಂಡುಗಳನ್ನು ಒಂದೊಂದಾಗಿ ಮುಟ್ಟಿ ಕೇಳಿದಳು. ಈ ಹಸಿರು ಅವ್ವನ ಸೀರೆ. ಈ ಬಿಳಿ ಗಂಡನ ಪಂಚೆ. ಈ ಚುಕ್ಕೆಯದು ಮಗಳ ಲಂಗ. “ನಿಂದ್ಯಾವ್ದು?” ಕೊಟ್ರಮ್ಮ ಹುಡುಕಿದಳು, ತನ್ನದು ಇರಲೇಬೇಕೆಂಬ ಹಾಗೆ ಹುಡುಕಿದಳು. ಇರಲಿಲ್ಲ. ಕೌದಿಗೆ ಬೇಕಾದದ್ದು ಉಟ್ಟು ಉಟ್ಟು ಮೆತ್ತಗಾದ ಬಟ್ಟೆ. ಅವಳ ಸೀರೆಗಳೆಲ್ಲ ಬೀರುವಿನಲ್ಲಿ ಮಡಿಕೆಯ ಗೆರೆ ಮಾಸದೆ ಕೂತಿವೆ. ಮೈಗೆ ಹತ್ತಿ ಸವೆದದ್ದು ಈ ಖಾಕಿ ಒಂದೇ. “ನಂದಿಲ್ಲ” ಎಂದಳು. ಮುದುಕಿ ಅಂಗೈಯನ್ನು ಮುಂದಕ್ಕೆ ಸರಿಸಿದಳು, ಅವ್ವನ ಹೊಲಿಗೆ ನಿಂತು ಇವಳದು ಶುರುವಾಗುವ ಸಂದಿಯಲ್ಲಿ ಕೈ ತಡೆಯಿತು. ಅಲ್ಲಿ ಬಟ್ಟೆ ಉಬ್ಬಿತ್ತು. ಒತ್ತಿದರೆ ಪಕ್ಕಕ್ಕೆ ಜಾರಿ ಇನ್ನೊಂದು ಕಡೆ ಉಬ್ಬಿತು.

“ಗುಳ್ಳೆ ಕುಂತೈತೆ. ಅಂಚಿಂದ ಒಬ್ಬಾಕಿ, ನಡುವಿಂದ ಒಬ್ಬಾಕಿ ಬಂದ್ರೆ ಮ್ಯಾಲಿನ ಬಟ್ಟೆ ಎಲ್ಲಿಗೆ ಹೋಗ್ಬೇಕು? ಸಿಕ್ಕಾಕ್ಕಂತೈತೆ. ಹೊಲಿಗೆ ಒಂದೇ ದಿಕ್ಕಿಂದ ನಡೀಬೇಕು ಕಣವ್ವ. ಇದು ಹಿಂಗೇ ಬಿಟ್ರೆ ಮಲಗಿದೋರ ಬೆನ್ನಿಗೆ ಒತ್ತತೈತೆ. ಎಳೇ ಕೂಸಿನ ಬೆನ್ನಿಗಂತೂ ಕೇಳಬ್ಯಾಡ.”

“ಈಗೇನು ಮಾಡೋದು?”

“ಒಂದು ಬಿಚ್ಚಬೇಕು. ನಿಮ್ಮವ್ವಂದು ಬಿಚ್ಚಿದ್ರೆ ಕೌದಿನೇ ಉಳಿಯಲ್ಲ. ನಿಂದೇ ಬಿಚ್ಚು.”

ಎಷ್ಟು ಸಲೀಸು. ನಿಂದೇ ಬಿಚ್ಚು. ಕೊಟ್ರಮ್ಮನ ಕೈ ಆ ಉಬ್ಬಿನ ಮೇಲೆಯೇ ಇತ್ತು. ರೈಲ್ವೆ ಗೇಟಿನ ಹೊಲಿಗೆ, ಪಂಕ್ಚರಿನ ಹೊಲಿಗೆ, ಜ್ವರ ಬಂದ ದಿನದ ಹೊಲಿಗೆ, ರಸ್ತೆಯ ಉಬ್ಬಿಗೆ ಬಸ್ಸು ಕುಪ್ಪಳಿಸಿ ಬೆರಳು ಚುಚ್ಚಿ ರಕ್ತ ಅಂಟಿದ ಹೊಲಿಗೆ. ಯಾರಿಂದಲೋ ಕದ್ದಂತೆ ಕದ್ದ ಅಷ್ಟೂ ಹೊತ್ತು. ಬಸ್ಸು ನಿಂತದ್ದೂ, ಬಾಗಿಲಲ್ಲಿ ಇಬ್ಬರು ಹತ್ತಿದ್ದೂ ಅವಳಿಗೆ ತಿಳಿದದ್ದು ಅವರಲ್ಲೊಬ್ಬ ಕನ್ನಡಕ ಏರಿಸಿ, “ಎಲ್ಲಾರೂ ಟಿಕೆಟ್ ತೋರಿಸ್ರಿ” ಎಂದ ಮೇಲೆಯೇ. ಚೆಕಿಂಗ್. ಅವನು ಮುಂದಿನ ಸೀಟಿನಿಂದಲೇ ಶುರುಮಾಡಿದ. ಲಕ್ಷ್ಮಮ್ಮ ಆಧಾರ್ ಕಾರ್ಡು ತೋರಿಸಿದಳು.

“ಇದಲ್ಲಜ್ಜಿ, ಟಿಕೆಟ್.”

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ; ಆದರೆ ದುಡ್ಡಿಲ್ಲದ ಟಿಕೆಟ್ಟು ಹರಿಯಲೇಬೇಕು. ಹರಿಯದಿದ್ದರೆ ತಪ್ಪು ಕಂಡಕ್ಟರಿನದು. ಲಕ್ಷ್ಮಮ್ಮ ಒಂದು ಕ್ಷಣ ಕೊಟ್ರಮ್ಮನ ಮುಖ ನೋಡಿ, “ಕೊಟ್ಟಿತ್ತಪ್ಪ ಈ ತಾಯಿ, ಗಾಳಿಗೆ ಹಾರಿಹೋತು ಕಿಟಕಿಯಾಗೆ” ಎಂದಳು. ಕಿಟಕಿ ಮುಚ್ಚಿತ್ತು. ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು.

“ಇಲ್ಲ ಸರ್. ನಾನು ಕೊಟ್ಟಿಲ್ಲ” ಎಂದಳು ಕೊಟ್ರಮ್ಮ.

“ಯಾಕೆ? ಫ್ರೀ ಅಂದ್ರೆ ಲೆಕ್ಕ ಇಲ್ಲ ಅಂದ್ಕಂಡ್ರಾ?” ಅವನ ಕಣ್ಣು ಮುದುಕಿಯ ಮಡಿಲಿಗೆ, ಅಲ್ಲಿಂದ ಕೌದಿಯ ಅಂಚು ಹಿಡಿದು ಕೊಟ್ರಮ್ಮನ ಮಡಿಲಿಗೆ ನಡೆದುಬಂತು. “ಓಹೋ. ಬಸ್ಸಿನಾಗೆ ಟೈಲರಿಂಗ್ ಇಟ್ಟೀರೋ. ಬೋರ್ಡು ಹಾಕ್ಸಿ ಮತ್ತೆ, ಜನ ಬಟ್ಟೆ ತರ್ತಾರೆ.” ಈ ಸಲ ಬಸ್ಸು ಜೋರಾಗಿ ನಕ್ಕಿತು. ಮೆಟ್ಟಿಲಲ್ಲಿ ಕೂತು ದಾರ ಚೀಪುತ್ತಿದ್ದ ಹುಡುಗಿಗೆ ಕಿಟಕಿಯಾಚೆಯಿಂದ ಕೇಳಿದ ಅದೇ ನಗೆ. ಇಷ್ಟು ವರ್ಷ ಎಲ್ಲೋ ಸುತ್ತಿ ಈಗ ಈ ಬಸ್ಸು ಹತ್ತಿತ್ತು. ಅವನು ಮೆಮೊ ಬರೆದ. ಅವಳು ಸಹಿ ಹಾಕಿದಳು. ಅವರಿಬ್ಬರೂ ಇಳಿದುಹೋದ ಮೇಲೆ ಲಕ್ಷ್ಮಮ್ಮನಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟಳು. ಮುದುಕಿ ಅದನ್ನು ಕಣ್ಣಿಗೊತ್ತಿಕೊಂಡು, “ನನ್ನಿಂದ ಆತಲ್ಲವ್ವ” ಎಂದಳು. “ನಿಮ್ಮಿಂದ ಅಲ್ಲಜ್ಜಿ” ಎಂದಳು ಕೊಟ್ರಮ್ಮ. ಯಾರಿಂದ ಎಂದು ಹೇಳಲು ಹೋಗಿ, ಬಹಳ ಜನರಿದ್ದಾರೆಂದು ತೋರಿ, ಬಿಟ್ಟಳು.

ಜಗಳೂರಿನಲ್ಲಿ ಜನವೆಲ್ಲ ಇಳಿದ ಮೇಲೆ ಹಿಂದಿನ ಉದ್ದ ಸೀಟಿನ ಮೇಲೆ ಕೌದಿಯನ್ನು ಪೂರಾ ಬಿಡಿಸಿ ಹಾಸಿದಳು. ಅವ್ವ ಸತ್ತ ಮೇಲೆ ಅದನ್ನು ಪೂರಾ ನೋಡಿದ್ದು ಇದೇ ಮೊದಲು. ಹಿಂದಿನ ಗಾಜಿನಿಂದ ಬಿಸಿಲು ಬಿತ್ತು. ಅಂಚಿನಿಂದ ಒಳಕ್ಕೆ ಬರುತ್ತಿದ್ದ ಅವ್ವನ ಸಾಲುಗಳು ನೇರ, ಸಾವಧಾನ. ಅದೂ ಸುಳ್ಳೇ, ಅವ್ವನಿಗೆಲ್ಲಿತ್ತು ಸಾವಧಾನ, ಬೇರೆಯವರ ಜಗಲಿಯಲ್ಲಿ ಕಲಿತ ನೇರ ಅದು, ಸೊಟ್ಟಗಾದರೆ ಕೂಳಿಲ್ಲ ಎಂಬ ನೇರ. ನಡುವಿನಿಂದ ಹೊರಟ ಅವಳದು ಸೊಟ್ಟ, ಅವಸರದ್ದು. ಎರಡರ ಮಧ್ಯೆ ಆ ಉಬ್ಬು, ಕೂಸು ಅಡ್ಡ ಮಲಗಿದ ಹೊಟ್ಟೆಯ ಹಾಗೆ. ಅವಳು ಸೀಟಿನಂಚಿಗೆ ಕೂತು ಸಣ್ಣ ಕತ್ತರಿ ತೆಗೆದು ನಡುವಿನ ಒಂದು ಹೊಲಿಗೆಯ ಕೆಳಗೆ ತುದಿ ತೂರಿಸಿದಳು. ಬಿಚ್ಚುವುದು ಎಷ್ಟು ಹೊತ್ತು, ಸರ್‌ರೆಂದು ಎಳೆದರೆ ಬಂತು. ತೂರಿಸಿದ ಕತ್ತರಿ ಅಲ್ಲೇ ನಿಂತಿತು. ಯಾವತ್ತೂ ಬಿಚ್ಚಿದ್ದು ತನ್ನದೇ. ಓದು ಬಿಚ್ಚಿದರು, ತಮ್ಮನ ಓದಿಗೆ ಬೇಕೆಂದು. ರಜೆ ಬಿಚ್ಚಿದರು, ಬೇರೆಯವರ ಮನೆಯ ಮದುವೆಗೆ ಬೇಕೆಂದು. ನಿದ್ದೆಯನ್ನಂತೂ ಕೇಳದೆಯೇ ಬಿಚ್ಚಿದರು. ಅವ್ವನದು ದೊಡ್ಡದು, ನಿಜ. ಅಷ್ಟಕ್ಕೆ ತನ್ನದು ಇಲ್ಲವೆಂದಾಗಬೇಕೇ? ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳು? ಆ ಕಡೆ ಈ ಕಡೆ ನೋಡಿ ಏನಾದರೂ ಮೋಸ ಮಾಡುತ್ತಿದ್ದಳು.

ಕತ್ತರಿಯನ್ನು ಹೊಲಿಗೆಯಿಂದ ಹೊರಗೆಳೆದಳು. ಉಬ್ಬಿನ ನೆತ್ತಿಗೆ ಇಟ್ಟಳು. ಅವ್ವನ ಹಸಿರು ಸೀರೆಯ ಮೇಲೆ ಉದ್ದಕ್ಕೆ ಕತ್ತರಿಸಿದಳು.

ಸಿಕ್ಕಿಕೊಂಡಿದ್ದ ಬಟ್ಟೆ ಉಸಿರು ಬಿಟ್ಟಂತೆ ಕುಸಿಯಿತು. ಅಂಚಿನ ಮೇಲೆ ಅಂಚು ಎಳೆದಿಟ್ಟರೆ ಸಪಾಟು. ಈಗ ಈ ಸೀಳಿನ ಮೇಲೆ ಹಾಕಲು ಒಂದು ಪಟ್ಟಿ ಬೇಕು. ಸುತ್ತ ನೋಡಿದಳು, ಆಮೇಲೆ ತನ್ನನ್ನೇ ನೋಡಿಕೊಂಡಳು. ಚೂಡಿದಾರದ ಮೇಲೆ ತೊಡುವ ಖಾಕಿ ಅಂಗಿ ಕಳಚಿ, ಅದರ ಕೆಳಗಂಚಿನ ಅಗಲ ಮಡಿಕೆಯನ್ನು ಬಿಚ್ಚಿ ಕತ್ತರಿಸಿದಳು. ಒಗೆದು ಒಗೆದು ಅವ್ವನ ಸೀರೆಯಷ್ಟೇ ಮೆತ್ತಗಾಗಿತ್ತು. ತನ್ನ ಸೂಜಿ ಬಿಟ್ಟು, ಅವ್ವ ಚುಚ್ಚಿಟ್ಟಿದ್ದ ಸೂಜಿಯನ್ನೇ ಕಿತ್ತಳು. ತುಕ್ಕು ಹಿಡಿದಿತ್ತು, ಖಾಕಿಗೆ ಉಜ್ಜಿದಳು, ಹೊಳೆಯಿತು.

“ಅಕ್ಕಾ” ಎಂದು ಮಾಲತೇಶ್ ಕೆಳಗಿನಿಂದ ಕೂಗಿದ. “ಟೈಮಾತು. ಕಂಟ್ರೋಲರ್ ಬೊಬ್ಬೆ ಹೊಡೀತಾನೆ.”

“ಹೊಡೀಲಿ. ಮುಗಿಸಿ ಬರ್ತೀನಿ ಅನ್ನು.”

“ಏನು ಮುಗಿಸಿ ಅಂತ ಹೇಳ್ಲಿ?”

“ಕೌದಿ ಅನ್ನು.”

ಮಾಲತೇಶ್ ಕಂಟ್ರೋಲರ್ ಕಡೆ ಹೊರಟ. ಜನ ಹತ್ತತೊಡಗಿದರು. ಒಬ್ಬಳು ಹೆಂಗಸು ಏನೆಂದು ಕೇಳದೆ ಕೌದಿಯ ತುದಿ ಹಿಡಿದು ಎದುರಿಗೆ ಕೂತಳು. ಫೋನು ಬಂತು. ಕೊಟ್ರಮ್ಮ ಅದನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡಳು.

“ಅಮ್ಮಾ” ಕಾವ್ಯಶ್ರೀ. ದನಿ ಸಣ್ಣಗಿತ್ತು. “ಅತ್ತೆ ಕೇಳ್ತಾವ್ರೆ… ಕೌದಿ ತರೋದೇ ಆದ್ರೆ ಬಿಸಿನೀರಾಗೆ ಕುದಿಸಿ ತರ್ತೀಯಾ ಅಂತ.”

ಸೂಜಿ ಖಾಕಿಯಿಂದ ಹಸಿರಿಗೆ ದಾಟಿತು. “ಬಿಸಿಲಿಗೆ ಹಾಕಿದೀನಿ” ಎಂದಳು. “ನಿಮ್ಮತ್ತೇನ ಒಂದು ಮಾತು ಕೇಳು. ಆನ್‌ಲೈನಾಗೆ ಬಂದ ಹಾಸಿಗೇನ ಕುದಿಸಿದಾರಂತಾ?”

ಆ ಕಡೆ ಫ್ಯಾನಿನ ಸದ್ದು, ಯಾರದೋ ಬಳೆ.

“ಇಲ್ಲ” ಎಂದಳು ಕಾವ್ಯ.

“ಹಂಗಾದ್ರೆ ಇದೂ ಇಲ್ಲ. ಇದ್ರ ಮ್ಯಾಲೆ ಕೂಸು ಮಲಗ್ತೈತಾ ಇಲ್ಲಾ, ಈಗ್ಲೇ ಹೇಳಿಬಿಡವ್ವ. ನಾಳೆ ಅಲ್ಲಿ ನಾನು ನಗ್ತಾ ನಿಂದ್ರಾಕೆ ಆಗಲ್ಲ.”

ಇಷ್ಟನ್ನು ಹೇಳಿ ಅವಳಿಗೇ ಗಾಬರಿಯಾಯಿತು. ಹೆರಿಗೆಯ ಹಿಂದಿನ ದಿನ ಮಗಳನ್ನು ಇಂಥ ಜಾಗದಲ್ಲಿ ನಿಲ್ಲಿಸಬಹುದೇ? ತಪ್ಪಾಯ್ತು, ಬಿಡು, ಎಂದು ಬಾಯಿಗೆ ಬಂದಿತ್ತು. ನುಂಗಿದಳು. ಎದುರು ಕೂತ ಹೆಂಗಸು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದಳು. ಕೆಳಗೆ ಕಂಟ್ರೋಲರಿನ ಸೀಟಿ ಕೂಗಿತು, ಇನ್ನೊಮ್ಮೆ ಕೂಗಿತು.

“ತಗಂಬಾ” ಎಂದಳು ಕಾವ್ಯಶ್ರೀ. ಆಮೇಲೆ, ಪಕ್ಕದಲ್ಲಿದ್ದವರಿಗೆ ಕೇಳಲೆಂಬಷ್ಟು ಗಟ್ಟಿಯಾಗಿ: “ಅಮ್ಮಾ, ಹೆಂಗೈತೋ ಹಂಗೇ ತಗಂಬಾ. ಮೊದ್ಲು ನಾನು ಹೊದ್ಕಂತೀನಿ.”

ಫೋನು ಜಾರಿ ಸೀಟಿಗೆ ಬಿತ್ತು. ಪಟ್ಟಿಯ ಕೊನೆಯಲ್ಲಿ ಬೆರಳಗಲ ಇನ್ನೂ ತೆರೆದಿತ್ತು. ಕೊಟ್ರಮ್ಮ ಬುತ್ತಿ ಡಬ್ಬಿ ತೆಗೆದಳು. ಬೆಳಗಿನ ರೊಟ್ಟಿ ಮುಟ್ಟದೆ ಹಾಗೇ ಇತ್ತು. ಉಗುರಿನಷ್ಟು ಮುರಿದು ಸೀಳಿನೊಳಗೆ ತೂರಿಸಿದಳು. ಉಳಿದದ್ದನ್ನು ಬಾಯಿಗಿಟ್ಟುಕೊಂಡಳು. ಬಸ್ಸು ತುಂಬ ಜನ ನೋಡುತ್ತಿರುವಾಗ, ಅಗಿಯುತ್ತ, ಅವಸರವಿಲ್ಲದೆ ಕೊನೆಯ ಹೊಲಿಗೆ ಹಾಕಿ ಗಂಟು ಬಿಗಿದಳು.

ಹಲ್ಲಿನಿಂದ ದಾರ ಕಡಿದಳು. ಆಮೇಲೆ ಸೀಟಿ ಊದಿದಳು.